ಒಂದು ಹಡಗಿನ ಚರಿತ್ರೆಯೂ ನಮ್ಮ ಪೆಟ್ಟಿಗೆಗಳಲ್ಲಿರುವ ಪಟಗಳೂ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಹುಡುಗಿಯರ ನಡೆನುಡಿ, ಇವುಗಳನ್ನು ಕುರಿತದ್ದಾಗಿರಬೇಕೆಂಬುದು ವಾಡಿಕೆ. ಅವೆಲ್ಲವನ್ನೂ ವಾರ್ಷಿಕ ವರದಿಯಲ್ಲಿ ಅರಿಕೆಮಾಡಿರುವೆವಾದುದರಿಂದ ಈ ಪುಟಗಳಲ್ಲಿ ಒಂದು ಹಡಗಿನ ವಿಚಾರವನ್ನು ಬರೆಯಲು ಮನಸ್ಸು ಮಾಡಿದ್ದೇವೆ. ಬಳಗಾನೂರಿಗೂ ಹಡಗಿಗೂ ಏನು ನಂಟು ಎಂದು ತಾವು ನಕ್ಕರೆ ನಮಗೆ ಆಶ್ಚರ್ಯವಿಲ್ಲ. ನಮ್ಮದು ಎರೆಭೂಮಿಯ ಸೀಮೆ. ಜೋಳ, ಹತ್ತಿ, ತುಂಗಭದ್ರೆಯ ಕಾಲುವೆ ಬಂದಂದಿನಿಂದ ಭತ್ತ, ಇವೇ ಇಲ್ಲಿ ಕಣ್ಣು ಹರಿಯುವಷ್ಟು ದೂರಕ್ಕೂ ಕಾಣತಕ್ಕವು. ಭೂಗೋಳದ ಪಾಠದಲ್ಲಿ, ಸಮುದ್ರವನ್ನು ಕಣ್ಣಾರೆ ಕಂಡವರು ಕೈಯೆತ್ತಿರಿ ಎಂದು ಕೇಳಿದರೆ ಎರಡು ಮೂರು ಕೈಗಳಿಗಿಂತ ಹೆಚ್ಚು ಏಳುವುದಿಲ್ಲ.

ಆದರೂ ನಾವು ಹೇಳಲಿರುವ ಹಡಗಿನ ಕಥೆಯ ಒಂದು ಎಳೆಯು ನಮ್ಮ ನೆರೆಯ ಬಳ್ಳಾರಿಗೆ ಬಂದು ಮುಟ್ಟುತ್ತದೆ. ಅದರ ಹೆಸರಂತೂ ನಮ್ಮ ಹಿರಿಯರ ಕಿವಿಗೆ ಹೊಸದಲ್ಲ. 1948ರ ವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯಲ್ಲಿ ಗೋಲ್ಕೊಂಡದ ಕೋಟೆಯ ಹೆಸರನ್ನು ಕೇಳದವರು ಯಾರು? ಆ ಕೋಟೆಯ ಹೆಸರನ್ನೇ ಆ ಹಡಗಿಗೂ ಇಟ್ಟಿದ್ದರು.

ಗೋಲ್ಕೊಂಡಾ ಎಂಬ ಈ ಹೊಗೆಹಡಗು 1887ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡ್ ಎಂಬ ರೇವುಪಟ್ಟಣದಲ್ಲಿ ಸಿದ್ಧವಾಯಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯವರು ಇದನ್ನು ಕಲ್ಕತ್ತೆಗೂ ಲಂಡನ್ನಿಗೂ ನಡುವೆ ಓಡಿಸುತ್ತಿದ್ದರು. ಇದರ ಗಾತ್ರವು 6,000 ಟನ್ನಿಗೆ ತುಸು ಕಡಮೆ. ಜಗತ್ತೆಲ್ಲವೂ ಬಲ್ಲ 1912ರ ಟೈಟಾನಿಕ್ ಹಡಗು 46,000 ಟನ್ನಿಗೂ ಮಿಕ್ಕದ್ದಾದುದರಿಂದ ನಮ್ಮ ಗೋಲ್ಕೊಂಡಾ ಅದರ ಎಂಟರಲ್ಲೊಂದು ಪಾಲು ಮಾತ್ರ. ಟೈಟಾನಿಕ್ಕಿನ ಮೇಲೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಈ ಚಿಕ್ಕ ಹಡಗಿನ ಚರಿತ್ರೆಯೋ ಯಾವ ಒಂದು ಪುಸ್ತಕದಲ್ಲಿಯೂ ತುಂಬಿ ಕುಳಿತಿಲ್ಲ. ಅದು ಹಲವು ದೇಶಗಳ ಮನೆಗಳಲ್ಲಿ, ಕಪಾಟುಗಳಲ್ಲಿ, ಪೆಟ್ಟಿಗೆಗಳ ತಳದಲ್ಲಿ ಚೂರು ಚೂರಾಗಿ ಉಳಿದುಕೊಂಡಿತು. ಆ ಚೂರುಗಳನ್ನು ಒಂದೆಡೆ ಇಟ್ಟು ನೋಡಿದಾಗ ನಮ್ಮ ಹುಡುಗಿಯರಿಗೂ ನಮಗೂ ದೊರೆತ ತಿಳಿವಳಿಕೆಯನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಚೂರು 1899ನೆಯ ಇಸವಿಯದು. ಆ ವರ್ಷದ ಜೂನ್ 20ರಂದು ಸ್ವಾಮಿ ವಿವೇಕಾನಂದರು ತಮ್ಮ ಎರಡನೆಯ ಪಾಶ್ಚಾತ್ಯ ಯಾತ್ರೆಗೆ ಕಲ್ಕತ್ತೆಯಿಂದ ಹೊರಟದ್ದು ಇದೇ ಗೋಲ್ಕೊಂಡಾ ಹಡಗಿನಲ್ಲಿ. ಅವರ ಜತೆಯಲ್ಲಿ ಸ್ವಾಮಿ ತುರೀಯಾನಂದರೂ ಸೋದರಿ ನಿವೇದಿತೆಯೂ ಇದ್ದರು. ಹಡಗು ಮದರಾಸಿಗೆ ಬಂದಾಗ ಊರಿನ ಜನರು ದಡದಲ್ಲಿ ನೆರೆದಿದ್ದರು. ಆದರೆ ಕಲ್ಕತ್ತೆಯಲ್ಲಿ ಪ್ಲೇಗು ಹಬ್ಬಿದ್ದ ಕಾರಣದಿಂದ ಅಲ್ಲಿಂದ ಬಂದ ಭಾರತೀಯ ಪ್ರಯಾಣಿಕರು ಇಳಿಯಕೂಡದೆಂದು ಕಟ್ಟಪ್ಪಣೆಯಾಗಿತ್ತು. ಇಳಿಯಲಾರದವರನ್ನು ಕಾಣುವ ಬಗೆ ಹೇಗೆ? ಅಳಸಿಂಗ ಪೆರುಮಾಳರೆಂಬವರು ಕೊಲಂಬೊ ವರೆಗೆ ಟಿಕೀಟು ತೆಗೆದುಕೊಂಡು ತಾವೇ ಹಡಗನ್ನೇರಿದರು. ಇವರು 1865ರಲ್ಲಿ ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಪಾಠಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. 1893ರಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತಿ ಸ್ವಾಮಿಗಳನ್ನು ಚಿಕಾಗೋ ನಗರಕ್ಕೆ ಕಳುಹಿಸಿದವರಲ್ಲಿ ಇವರೇ ಅಗ್ರಗಣ್ಯರು. ಸ್ವಾಮಿಗಳು ಆ ಯಾತ್ರೆಯ ಕಥನವನ್ನು ವಂಗಭಾಷೆಯಲ್ಲಿ ಬರೆದು ಪತ್ರಿಕೆಗೆ ಕಳುಹಿಸಿದರು. ನಿವೇದಿತೆಯೂ ತನ್ನ ಗುರುವಿನ ಮಾತುಗಳನ್ನು ಬರೆದಿಟ್ಟಳು. ಜುಲೈ 31ರಂದು ಲಂಡನ್ನನ್ನು ಮುಟ್ಟಿದ ಆ ಆರು ವಾರಗಳ ಪ್ರಯಾಣವು ಇಂದಿಗೂ ನಮಗೆ ಗೊತ್ತಿರುವುದು, ಹೀಗೆ ಹಡಗಿನಲ್ಲಿದ್ದವರು ಲೇಖನಿಯನ್ನು ಹಿಡಿದದ್ದರಿಂದ.

ಎರಡನೆಯ ಚೂರು ಹದಿನಾರು ವರ್ಷಗಳ ಅನಂತರದ್ದು. ಅದು ನಮ್ಮಂಥ ಮಿಶನ್ ಶಾಲೆಯವರಿಗೆ ಹೆಚ್ಚು ಹತ್ತಿರವಾದದ್ದು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದೂ, ಮೋಗ್ಲಿಂಗ್ ಪಂಡಿತರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದೂ, ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ತಮಗೆ ತಿಳಿದ ಸಂಗತಿಗಳೇ. ಈ ಮಿಶನ್ನಿನ ಕೇಂದ್ರವು ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಸೇವಕರಲ್ಲಿ ಬಹುಮಂದಿ ಜರ್ಮನಿಯವರು. 1914ರ ಆಗಸ್ಟಿನಲ್ಲಿ ಮಹಾಯುದ್ಧವು ಮೊದಲಾದ ಕೂಡಲೆ ಅವರು ಸರಕಾರದ ಕಣ್ಣಿಗೆ ವೈರಿದೇಶದ ಪ್ರಜೆಗಳಾದರು. ಧಾರವಾಡ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟ, ಹಂಚಿನ ಕಾರಖಾನೆ ಎಂದು ಬಾಳು ಸವೆಸಿದವರನ್ನು ಅಹಮದ್‌ನಗರ, ಬೆಳಗಾವಿ, ಬಳ್ಳಾರಿ ಮುಂತಾದ ಕಡೆಗಳ ಶಿಬಿರಗಳಲ್ಲಿ ಕಾವಲಿನಲ್ಲಿಟ್ಟರು. ನಾವು ಇಂದು ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದಾದ ಬಳ್ಳಾರಿಯಲ್ಲಿ ಮಿಶನರಿ ಕುಟುಂಬಗಳು ಹೆಂಗಸರು ಮಕ್ಕಳು ಸಹಿತ ತಿಂಗಳುಗಟ್ಟಲೆ ಕಾದು ಕುಳಿತಿದ್ದುವು.

1915ರ ನವೆಂಬರಿನಲ್ಲಿ ಇಂಥ ಕುಟುಂಬಗಳನ್ನು ಸ್ವದೇಶಕ್ಕೆ ಸಾಗಿಸಲು ಗೋತ್ತಾದ ಹಡಗು ಅದೇ ಗೋಲ್ಕೊಂಡಾ. ಅದು ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡು, ಕ್ರಿಸ್ತಜಯಂತಿಯನ್ನು ನಡುಗಡಲಿನಲ್ಲಿಯೇ ಕಳೆದು, 1916ರ ಜನವರಿಯಲ್ಲಿ ಲಂಡನ್ನಿಗೆ ಬಂತು. ಅಲ್ಲಿಂದ ಪ್ರಯಾಣಿಕರನ್ನು ಹಾಲೆಂಡಿನ ಮಾರ್ಗವಾಗಿ ಕಳುಹಿಸಿದರು. 1916ರಲ್ಲಿ ಇಂಥ ಇನ್ನೊಂದು ಯಾತ್ರೆಯೂ ಆಯಿತು. ಹಡಗಿನಲ್ಲಿದ್ದ ಮಕ್ಕಳಲ್ಲಿ ಅನೇಕರು ಈ ನಾಡಿನಲ್ಲಿ ಹುಟ್ಟಿದವರು. ತಂದೆತಾಯಿಗಳಿಗೆ ಅದು ಊರಿಗೆ ಹಿಂದಿರುಗುವಿಕೆ. ಆ ಮಕ್ಕಳಿಗೆ ಅದೇ ಪ್ರಯಾಣವು ಊರನ್ನು ಬಿಟ್ಟು ಹೋಗುವಿಕೆ. ಇತ್ತ ದೊರೆಸಾನಿಯರಿಲ್ಲದ ಶಾಲೆಗಳಲ್ಲಿ ಗಂಟೆ ಹೊಡೆದು ಹಾಜರಿ ಹಾಕಿ ಪಾಠವನ್ನು ನಡೆಸಿಕೊಂಡು ಹೋದವರು ಕನ್ನಡಿಗರಾದ ಉಪಾಧ್ಯಾಯ ಉಪಾಧ್ಯಾಯಿನಿಯರು.

ಹಡಗಿನ ಆಯುಸ್ಸು ಅಷ್ಟರಲ್ಲಿಯೇ ಮುಗಿಯಿತು. 1916ರ ಜೂನ್ 3ರಂದು ಇಂಗ್ಲೆಂಡಿನ ಪೂರ್ವ ತೀರದ ಆಲ್ಡ್‌ಬರೋ ಎಂಬ ಊರಿನ ಎದುರಿಗೆ, ವೈರಿಗಳು ನೀರಿನಲ್ಲಿ ಹುದುಗಿಸಿಟ್ಟಿದ್ದ ಸಿಡಿಗುಂಡಿಗೆ ತಾಗಿ ಅದು ಮುಳುಗಿಹೋಯಿತು. ಸ್ವಾಮಿಗಳು ಅಡ್ಡಾಡಿದ ಅಟ್ಟ, ಬಳ್ಳಾರಿಯಿಂದ ಬಂದ ತಾಯಂದಿರು ಮಕ್ಕಳನ್ನು ಮಲಗಿಸಿದ ಕೋಣೆ, ಎಲ್ಲವೂ ಒಂದೇ ಸಲಕ್ಕೆ ನೀರಿನ ಪಾಲಾದುವು.

ಹಾಗಾದರೆ ನಾವು ತಿಳಿದಿರುವುದೆಲ್ಲ ಉಳಿದು ಬಂದ ಬಗೆ ಯಾವುದು? ಪ್ರಯಾಣಿಕರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಮನೆಯ ಹಳೆಯ ಕಾಗದಗಳನ್ನು ಹೊರಕ್ಕೆ ತೆಗೆದದ್ದರಿಂದ. ಒಂದು ಮನೆಯಲ್ಲಿ ದಿನಚರಿ, ಇನ್ನೊಂದರಲ್ಲಿ ಪ್ರಯಾಣಿಕರ ಪಟ್ಟಿ, ಮತ್ತೊಂದರಲ್ಲಿ ಕಾಗದಗಳು, ಬೇರೊಂದರಲ್ಲಿ ಮಾಸಿದ ಪಟ. ಒಂದೊಂದನ್ನೇ ನೋಡಿದರೆ ಇವು ಮೂಕವಾಗಿರುತ್ತವೆ. ಪಟ್ಟಿಯಲ್ಲಿ ಹೆಸರುಂಟು, ಮುಖವಿಲ್ಲ. ಪಟದಲ್ಲಿ ಮುಖವುಂಟು, ಹೆಸರಿಲ್ಲ. ದಿನಚರಿಯಲ್ಲಿ ತಾರೀಖುಂಟು; ಅದನ್ನು ಬರೆದವನ ಪಕ್ಕದಲ್ಲಿ ಕುಳಿತು ಉಂಡವನು ಯಾರೆಂಬುದು ಬೇರೊಬ್ಬನ ಕಾಗದದಲ್ಲಿ ಉಂಟು. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗಲೇ ಒಂದು ಮತ್ತೊಂದಕ್ಕೆ ಬಾಯಿ ಕೊಡುತ್ತದೆ. ಬಾಸೆಲ್ ನಗರದ ಮಿಶನ್ ದಫ್ತರಖಾನೆಯವರು ತಮ್ಮಲ್ಲಿದ್ದ ಹಳೆಯ ಪಟಗಳಲ್ಲಿ ಸುಮಾರು 28,000ವನ್ನು ಅಂತರ್ಜಾಲದ ಮೂಲಕ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ಧಾರವಾಡದ ಶಾಲೆಯ ಅಂಗಳವನ್ನು ಇಂದು ಬಳಗಾನೂರಿನಲ್ಲಿ ಕುಳಿತು ನೋಡಬಹುದು.

ಇದೇ ಕಂಪೆನಿಯ ತಿಲಾವಾ ಎಂಬ ಇನ್ನೊಂದು ಹಡಗಿನ ಕಥೆಯು ನಮ್ಮ ದೇಶದ ಮನೆಗಳಿಗೆ ಇನ್ನೂ ಹತ್ತಿರವಾದದ್ದು. ಅದು 958 ಜನರನ್ನು ಹೊತ್ತು ಮುಂಬಯಿಯಿಂದ ಆಫ್ರಿಕಕ್ಕೆ ಹೋಗುತ್ತಿರುವಾಗ 1942ರ ನವೆಂಬರ್ 23ರಂದು ಜಪಾನೀಯರ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. 280 ಮಂದಿ ಸತ್ತರು. ಬಹುಕಾಲ ಆ ದುಃಖವು ಆಯಾ ಮನೆಗಳ ಒಳಗೇ ಉಳಿದಿತ್ತು. ತರುವಾಯ ಸತ್ತವರ ಮತ್ತು ಬದುಕಿ ಬಂದವರ ವಂಶದವರು ಒಬ್ಬರನ್ನೊಬ್ಬರು ಹುಡುಕಿ, ಪಟಗಳನ್ನೂ ನೆನಪುಗಳನ್ನೂ ಒಂದುಗೂಡಿಸಿ, 80 ವರ್ಷ ತುಂಬಿದ 2022ರಲ್ಲಿ ಮುಂಬಯಿಯಲ್ಲಿ ಕೂಡಿ ಹಿರಿಯರನ್ನು ಸ್ಮರಿಸಿದರು. ತಂದೆಯ ಮುಖವನ್ನೇ ಕಾಣದೆ ಬೆಳೆದ ಮಗನಿಗೆ ಬೇರೊಂದು ಮನೆಯ ನೆನಪಿನಿಂದ ತಂದೆಯ ಸುಳಿವು ದೊರೆಯುವುದಾದರೆ ಅದಕ್ಕಿಂತ ದೊಡ್ಡ ಉಪಕಾರವಿದ್ದೀತೆ?

ಆದರೆ ಇಂಥ ಸಂಗ್ರಹಗಳಲ್ಲಿ ಒಂದು ಕೊರತೆಯು ಎದ್ದು ಕಾಣುತ್ತದೆ. ಪಟ ತೆಗೆಸಿಕೊಳ್ಳುವ, ದಿನಚರಿ ಬರೆಯುವ ಅನುಕೂಲವಿದ್ದವರ ನೆನಪು ಉಳಿಯಿತು. ಈ ಹಡಗುಗಳ ಇದ್ದಿಲು ಗೂಡುಗಳಲ್ಲಿ ಬೆಂದವರು, ಹಗ್ಗ ಎಳೆದವರು, ಅಡಿಗೆ ಮಾಡಿದವರು ಬಹುಪಾಲು ನಮ್ಮ ದೇಶದ ಲಷ್ಕರರೇ. ಅವರ ಮುಖಗಳು ಎಲ್ಲಿವೆ? ಆ ಮಹಾಯುದ್ಧದಲ್ಲಿ ಸತ್ತು, ಸಮುದ್ರದ ಹೊರತು ಬೇರೆ ಸಮಾಧಿಯಿಲ್ಲದ 2,000ಕ್ಕೂ ಮಿಕ್ಕ ಭಾರತೀಯ ನಾವಿಕರ ಸ್ಮಾರಕವೊಂದು ಮುಂಬಯಿಯ ನಾವಿಕರ ನಿಲಯದಲ್ಲಿ ಉಂಟು. ಅವರ ಮನೆಗಳಲ್ಲಿ ಒಂದು ಪಟವಾದರೂ ಇದ್ದದ್ದು ಅಪರೂಪವೇ ಸರಿ. ಬಡವರ ಚರಿತ್ರೆಯು ಸಮುದ್ರದಲ್ಲಿ ಮುಳುಗಲು ಸಿಡಿಗುಂಡು ಬೇಕಿಲ್ಲ. ಯಾರೂ ಬರೆದಿಡದಿದ್ದರೆ ತಾನಾಗಿಯೇ ಮುಳುಗುತ್ತದೆ.

ಈ ಮಾತು ನಮಗೆ ಮನದಟ್ಟಾದದ್ದು ನಮ್ಮ ಶಾಲೆಯ ಗೋಡೆಯ ಮೇಲಿನ ಪಟವೊಂದರಿಂದ. ಬೋರ್ಡಿಂಗ್ ಹುಡುಗಿಯರು ನಾಲ್ಕು ಸಾಲಾಗಿ ನಿಂತ, ಕುಳಿತ ಆ ಪಟವನ್ನು ತಾವೆಲ್ಲರೂ ನೋಡಿದ್ದೀರಿ. ನಡುವೆ ಕುರ್ಚಿಗಳಲ್ಲಿ ಕುಳಿತ ಇಬ್ಬರು ದೊರೆಸಾನಿಯರ ಹೆಸರುಗಳು ಕೆಳಗೆ ಅಂದವಾದ ಅಕ್ಷರಗಳಲ್ಲಿವೆ. ಸುತ್ತಲಿನ ಮೂವತ್ತೆರಡು ಹುಡುಗಿಯರಿಗೆ ‘ಬೋರ್ಡಿಂಗ್ ಹುಡುಗಿಯರು’ ಎಂಬ ಒಂದೇ ಹೆಸರು. ತಾರೀಖೂ ಇಲ್ಲ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳ ತಾಯಿಯು ದಾಖಲೆಯ ಕೆಲಸಕ್ಕೆಂದು ಬಂದವರು ಆ ಪಟದ ಮುಂದೆ ನಿಂತುಬಿಟ್ಟರು. “ದೊಡ್ಡ ಅಕ್ಕಾವ್ರ, ನಮ್ಮ ಆಯಿನೂ ಇಲ್ಲೇ ಓದ್ಯಾಳಂತ್ರಿ. ಇದರಾಗ ಆಕಿ ಯಾರ್ರೀ?” ಎಂದು ಕೇಳಿದರು. ಅವರ ಆಯಿಯು ತೀರಿಕೊಂಡಾಗ ಮನೆಯಲ್ಲಿ ಒಂದು ಪಟವೂ ಇರಲಿಲ್ಲವಂತೆ. ನಾವು ಉತ್ತರ ಕೊಡಲಾರದೆ ಹೋದೆವು. ಅವರು ಒಂದೊಂದೇ ಮುಖವನ್ನು ನೋಡುತ್ತ ಬಂದು, ಮೂರನೆಯ ಸಾಲಿನ ಒಬ್ಬ ಹುಡುಗಿಯ ಮೇಲೆ ಬೆರಳಿಟ್ಟು, “ಈಕಿನ ಇರಬೇಕ್ರಿ, ಹಣಿ ನಮ್ಮ ಮಗಳ ಹಣಿ ಹಾಂಗ ಐತಿ” ಎಂದರು.

ಅಂದೇ ನಾವು ಆ ಪಟದ ಪ್ರತಿಗಳನ್ನು ಮಾಡಿಸಿ ಮಸ್ಕಿ, ಸಿಂಧನೂರು, ಮುದಗಲ್ಲು ಕಡೆಯ ಹಳೆಯ ವಿದ್ಯಾರ್ಥಿನಿಯರಿಗೆ ಕಳುಹಿಸಿದೆವು. ಬಹು ದಿನ ಉತ್ತರವೇ ಇಲ್ಲ. ಆಮೇಲೆ ಮುದಗಲ್ಲಿನ ಒಬ್ಬ ವೃದ್ಧೆಯಿಂದ ಕರೆ ಬಂತು. ಹೋದೆವು. ಕಣ್ಣು ಮಂಜಾಗಿದ್ದರೂ ಅವರು ಪಟವನ್ನು ಬಿಸಿಲಿಗೆ ಹಿಡಿದು ಹನ್ನೊಂದು ಹೆಸರುಗಳನ್ನು ಹೇಳಿದರು. ಪೊಲೀಸ್ ಕಾರ್ಯಾಚರಣೆಯ ಹಿಂದಿನ ವರ್ಷ ತೆಗೆದದ್ದು ಎಂದರು. ಹೀಗೆ 1947ನೆಯ ಇಸವಿಯೂ ದೊರೆಯಿತು. ನಾವು ಹುಡುಕುತ್ತಿದ್ದ ಆಯಿಯು ಮೂರನೆಯ ಸಾಲಿನವಳಲ್ಲ. ಎರಡನೆಯ ಸಾಲಿನ ತುದಿಯಲ್ಲಿ, ಮುಂದಿನವಳ ಹೆಗಲಿನಿಂದ ಅರ್ಧ ಮುಖ ಮರೆಯಾದ ಚಿಕ್ಕ ಹುಡುಗಿ. ಲೆಕ್ಕದಲ್ಲಿ ಬಲು ಚುರುಕು ಎಂದೂ, ಹೊಲದ ಕೆಲಸಕ್ಕೆ ಕರೆದುಕೊಂಡು ಹೋಗಲು ಬಂದ ತಂದೆಯ ಮುಂದೆ ಮೂರು ದಿನ ಅತ್ತು ಉಳಿದುಕೊಂಡಳೆಂದೂ ಆ ವೃದ್ಧೆ ಹೇಳಿದರು. ಮೊಮ್ಮಗಳಿಗೆ ಈ ಮಾತನ್ನು ತಿಳಿಸಿದಾಗ ಅವರು ಪಟವನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ನಾಲ್ಕು ತಿಂಗಳ ಅನಂತರ ಆ ವೃದ್ಧೆಯೂ ಪ್ರಭುವಿನಲ್ಲಿ ನಿದ್ರೆಹೋದರು. ಉಳಿದ ಇಪ್ಪತ್ತೊಂದು ಹುಡುಗಿಯರಿಗೆ ಇಂದಿಗೂ ಹೆಸರಿಲ್ಲ.

ಹೆಸರಿನ ಮಹತ್ವವನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ದೇಶದ ನಾನಾ ಕಡೆ ಬಂಡೆಗಳ ಮೇಲಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಕಾಣುತ್ತಿದ್ದ ಕಾಲದಲ್ಲಿ, ಆ ಅರಸನು ಯಾರೆಂಬುದನ್ನು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. ನಮ್ಮ ಮಸ್ಕಿಯ ಬಂಡೆಯ ಮೇಲೆ ಆ ಬಿರುದಿನ ಜತೆಯಲ್ಲಿಯೇ ಅಶೋಕನೆಂಬ ಹೆಸರು ದೊರೆತು ಊಹೆಯು ದಿಟವಾಯಿತು. ಚಿನ್ನದ ನಿಕ್ಷೇಪವನ್ನು ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರರು ಅದನ್ನು ಕಂಡದ್ದು 1915ರಲ್ಲಿ, ಗೋಲ್ಕೊಂಡಾ ಹಡಗು ಬಳ್ಳಾರಿಯ ಮಿಶನರಿಗಳನ್ನು ಹೊತ್ತು ಹೊರಟ ವರ್ಷದಲ್ಲಿಯೇ. ಚಕ್ರವರ್ತಿಗೂ ಹೆಸರಿನ ಸಾಕ್ಷಿ ಬೇಕಾಯಿತು. ಎರಡನೆಯ ಸಾಲಿನ ತುದಿಯ ಹುಡುಗಿಗೆ ಬೇಡವೆ?

ಆದಕಾರಣ ತಮ್ಮಲ್ಲಿ ನಮ್ಮ ಅರಿಕೆಯೇನೆಂದರೆ, ಮನೆಯ ಹಳೆಯ ಪಟಗಳನ್ನು ಈ ವರ್ಷವೇ ಹೊರತೆಗೆದು ಮನೆಯ ಹಿರಿಯರ ಮುಂದೆ ಇಡಿರಿ. ಯಾರು, ಎಲ್ಲಿ, ಯಾವ ವರ್ಷ, ಪಟ ಯಾರ ಮನೆಯದು, ಈ ನಾಲ್ಕು ಸಂಗತಿಗಳನ್ನು ಕೇಳಿ ಬರೆದಿಡಿರಿ. ವರ್ಷ ತಿಳಿಯದಿದ್ದರೆ ಬರಗಾಲವನ್ನೋ ಮದುವೆಯನ್ನೋ ಕಾಲುವೆಗೆ ನೀರು ಬಂದದ್ದನ್ನೋ ನೆನಪಿಸಿ ಕೇಳಿರಿ, ತಾನಾಗಿ ಹೊರಬೀಳುತ್ತದೆ. ಪಟದ ಹಿಂಬದಿಯಲ್ಲಿ, ಅಂಚಿನ ಹತ್ತಿರ, ಮೃದುವಾದ ಸೀಸದಕಡ್ಡಿಯಿಂದ ಹಗುರಾಗಿ ಬರೆಯಿರಿ. ಮಸಿಯು ಮುಂಭಾಗಕ್ಕೆ ಇಳಿಯುತ್ತದೆ. ಒತ್ತಿ ಬರೆದರೆ ಗೆರೆಗಳು ಮುಖದ ಮೇಲೆ ಮೂಡುತ್ತವೆ. ಅಂಟು ಹಚ್ಚಬೇಡಿರಿ. ಒಲೆಯ ಹೊಗೆ, ಗೋಡೆಯ ತೇವ, ಗೆದ್ದಲು ಇವು ತಾಕದ ಕಡೆ ಕಾಗದದ ಲಕೋಟೆಯಲ್ಲಿ ಇಡಿರಿ. ಮೊಬೈಲ್ ಫೋನಿನಲ್ಲಿ ಪ್ರತಿ ತೆಗೆಯುವುದಾದರೆ ನೇರ ಬಿಸಿಲು ಬೀಳದ ಬೆಳಕಿನಲ್ಲಿ ಸಮನಾಗಿ ಹಿಡಿದು ಮುಂಭಾಗವನ್ನೂ ಹಿಂಭಾಗವನ್ನೂ ತೆಗೆಯಿರಿ. ಹಿಂಭಾಗದ ನಾಲ್ಕು ಅಕ್ಷರಗಳೇ ಅನೇಕ ವೇಳೆ ಮುಂಭಾಗಕ್ಕಿಂತ ಬೆಲೆಯುಳ್ಳವು.

ಪಟಗಳಷ್ಟೇ ಸಾಲದು. ಭಾನುವಾರದ ಶಾಲೆಯ ಬಹುಮಾನದ ಪುಸ್ತಕ, ಹೊಲಿಗೆಯ ತರಗತಿಯಲ್ಲಿ ಹೆಣೆದ ಕಸೂತಿಯ ತುಂಡು, ಹೆಸರು ಬರೆಸಿದ ಟ್ರಂಕು, ಹಳೆಯ ಪರೀಕ್ಷೆಯ ಚೀಟಿ, ಹೊರದೇಶಕ್ಕೆ ಹೋದ ಟೀಚರಮ್ಮನವರು ಬರೆದ ಕಾಗದ, ಇವೂ ಸಾಕ್ಷಿಗಳೇ. ಮೂಲ ವಸ್ತುವನ್ನು ನಮಗೆ ಕೊಟ್ಟುಬಿಡಿರೆಂದು ಕೇಳುತ್ತಿಲ್ಲ. ಶಾಲೆಯ ದಿನಾಚರಣೆಯಂದು ತನ್ನಿರಿ. ತಮ್ಮೆದುರಿಗೇ ಪ್ರತಿ ಮಾಡಿಕೊಂಡು ಅಂದೇ ಹಿಂದಿರುಗಿಸುತ್ತೇವೆ. ಮನೆಯವರು ಹೊರಗೆ ತೋರಿಸಲು ಒಲ್ಲದ ಪಟಗಳೂ ಇರುತ್ತವೆ. ಅವರ ಅಪ್ಪಣೆಯಿಲ್ಲದೆ ಯಾವುದನ್ನೂ ಪ್ರಕಟಿಸುವುದಿಲ್ಲ. ಕಸಗುಡಿಸುವ ಆಯಾ, ಬಾವಿಯ ನೀರು ಸೇದಿದವರು, ರೊಟ್ಟಿ ಬಡಿದವರು, ರಾತ್ರಿ ಕಾವಲು ಕಾದ ಮುತ್ಯಾ, ಇವರ ಪಟಗಳಿದ್ದರೆ ಮೊದಲು ಅವನ್ನೇ ತನ್ನಿರಿ.

ಗೋಲ್ಕೊಂಡಾ ಹಡಗಿನ ಪ್ರಯಾಣಿಕರಲ್ಲಿ ಒಬ್ಬರಾದರೂ ಇಂದು ಜೀವದಿಂದಿಲ್ಲ. ಆದರೂ ಅವರ ಮನೆಯವರು ಹಂಚಿಕೊಂಡದ್ದರಿಂದ ಅವರ ಹೆಸರುಗಳನ್ನು ನಾವು ಓದುತ್ತಿದ್ದೇವೆ. ನಮ್ಮ ಪಟದ ಇಪ್ಪತ್ತೊಂದು ಮಂದಿಯನ್ನು ಗುರುತಿಸಬಲ್ಲ ಕಣ್ಣುಗಳು ಈ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಕೆಲವು ಇರಬಹುದು. ಆ ಪಟವನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಪ್ರತಿಯೊಬ್ಬಳ ಮೇಲೆಯೂ ಒಂದೊಂದು ಅಂಕೆಯನ್ನು ಕೊಟ್ಟಿದ್ದೇವೆ. ಮನೆಯಲ್ಲಿ ಆಯಿಯಿದ್ದರೆ, ನೆರೆಮನೆಯಲ್ಲಿ ವಯಸ್ಸಾದವರಿದ್ದರೆ, ಇಂದೇ ಸಂಜೆ ಆ ಪುಟವನ್ನು ಅವರ ಕೈಗೆ ಕೊಟ್ಟು ಅವರು ಹೇಳಿದ ಹೆಸರನ್ನು ಅಂಕೆಯ ಎದುರಿಗೆ ಬರೆದು ನಮಗೆ ಕಳುಹಿಸಿರೆಂದು ಬೇಡುತ್ತೇವೆ.